ಧರೆ ಕಡಿಯುವ ಮುನ್ನ ಯಾರ ಅನುಮತಿ ಬೇಕು?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮ ಕಾಫಿ ತೋಟದ ಅಂಚಿನ ಇಳಿಜಾರಿನಲ್ಲಿ ಮನೆಯನ್ನೂ ಅದಕ್ಕೆ ಹೊಂದಿಕೊಂಡಂತೆ ನಾಲ್ಕು ಕೊಠಡಿಗಳ ಹೋಂಸ್ಟೇಯನ್ನೂ ಕಟ್ಟಬೇಕೆಂದಿದ್ದೇವೆ. ಹದಿನೈದು ಅಡಿಯಷ್ಟು ಧರೆ ಕಡಿದು, ಬಂದ ಮಣ್ಣನ್ನು ಮುಂದಕ್ಕೆ ತಳ್ಳಿ ಅಂಗಳ ಮಾಡಿಕೊಡುವುದಾಗಿ ಜೆಸಿಬಿಯವರು ಹೇಳುತ್ತಾರೆ. ಅಮೆರಿಕದಲ್ಲಿರುವ ಮಗ, ಅಲ್ಲಿ ಮಣ್ಣು ಕೊಚ್ಚಿಹೋಗದಂತೆ ಯೋಜನೆ ಬರೆದುಕೊಟ್ಟು ಪರವಾನಗಿ ಪಡೆಯದೆ ಕೆಲಸ ಆರಂಭಿಸುವಂತಿಲ್ಲ, ಊರಿನಲ್ಲಿಯೂ ವಿಚಾರಿಸಿ ಎನ್ನುತ್ತಾನೆ. ನಮ್ಮಲ್ಲಿ ಅಂಥ ಪರವಾನಗಿಯನ್ನು ಯಾವ ಕಚೇರಿ ಕೊಡುತ್ತದೆ?

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಅಮೆರಿಕದ 1972ರ ಶುದ್ಧಜಲ ಕಾಯ್ದೆಯ ಅಡಿಯಲ್ಲಿ, ಒಂದು ಎಕರೆ ಅಥವಾ ಅದಕ್ಕಿಂತ ಹೆಚ್ಚು ನೆಲವನ್ನು ಕೆದಕುವ ನಿರ್ಮಾಣ ಕೆಲಸಕ್ಕೆ ಮಳೆನೀರಿನ ಪರವಾನಗಿ ಬೇಕು. ಕೆಸರು ಎಲ್ಲಿ ನಿಲ್ಲುತ್ತದೆ, ಬರಿಮೈಯಾದ ನೆಲವನ್ನು ಯಾವಾಗ ಮುಚ್ಚಲಾಗುತ್ತದೆ ಎಂಬುದನ್ನು ಮೊದಲೇ ಬರೆದಿಡಬೇಕು. ಹಾಗೆ ಈ ಒಂದೇ ವಿಷಯಕ್ಕೆಂದು ಒಂದೇ ಕಚೇರಿ ಕೊಡುವ ಪರವಾನಗಿ ನಮ್ಮಲ್ಲಿ ಇಲ್ಲ. ಇರುವುದು ನಾಲ್ಕೈದು ಕಚೇರಿಗಳಲ್ಲಿ ಹಂಚಿಹೋದ ಅನುಮತಿಗಳು. ಕಂದಾಯ ಇಲಾಖೆ ಜಮೀನಿನ ಬಳಕೆಯನ್ನು ನೋಡುತ್ತದೆ, ಪಂಚಾಯಿತಿ ಕಟ್ಟಡವನ್ನು ನೋಡುತ್ತದೆ, ಗಣಿ ಇಲಾಖೆ ಲಾರಿಯಲ್ಲಿ ಹೋಗುವ ಮಣ್ಣನ್ನು ನೋಡುತ್ತದೆ, ಅರಣ್ಯ ಇಲಾಖೆ ಮರವನ್ನು ನೋಡುತ್ತದೆ. ಕಡಿದ ಧರೆಯ ಮೇಲೆ ಆರಿದ್ರಾ ಮಳೆ ಬಿದ್ದಾಗ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಇವರಲ್ಲಿ ಯಾರೂ ತಾವಾಗಿ ಕೇಳುವುದಿಲ್ಲ. ಮಲೆನಾಡಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ಆದ್ದರಿಂದ ಕಾಗದಪತ್ರ ಮುಗಿದ ಮಾತ್ರಕ್ಕೆ ಕೆಲಸ ಸುರಕ್ಷಿತವಾಯಿತೆಂದು ದಯವಿಟ್ಟು ಭಾವಿಸಬೇಡಿ.

ಮೊದಲು ಅನುಮತಿಗಳ ವಿಚಾರ. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಸೆಕ್ಷನ್ನಿನ ಪ್ರಕಾರ ಜಿಲ್ಲಾಧಿಕಾರಿಯವರಿಂದ ಭೂಪರಿವರ್ತನೆಯ ಆದೇಶ ಬೇಕು. ಕೃಷಿಕರು ಸ್ವಂತ ವಾಸಕ್ಕೆ ಕಟ್ಟಿಕೊಳ್ಳುವ ತೋಟದ ಮನೆಗೆ ಮಿತಿಯೊಳಗೆ ವಿನಾಯಿತಿ ಇದೆಯಾದರೂ, ಬಾಡಿಗೆಗೆ ಕೊಡುವ ಕೊಠಡಿಗಳನ್ನು ಅದರ ನೆರಳಿನಲ್ಲಿ ಕಟ್ಟಲು ಹೋಗಬೇಡಿ. ಕಟ್ಟಡದ ಪರವಾನಗಿಯನ್ನು 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಗ್ರಾಮ ಪಂಚಾಯಿತಿ ಕೊಡುತ್ತದೆ. ಜಾಗವು ಯಾವುದಾದರೂ ಸ್ಥಳೀಯ ಯೋಜನಾ ಪ್ರದೇಶದೊಳಗೆ ಬಂದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅನುಮತಿಯೂ ಸೇರುತ್ತದೆ. ನೆರಳಿನ ಮರಗಳನ್ನು ತೆಗೆಯುವುದಿದ್ದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆಯೇ ಎಂಬುದನ್ನು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ನಿಮ್ಮ ಸರ್ವೆ ನಂಬರು ಪರಿಭಾವಿತ ಅರಣ್ಯದ (ಅರಣ್ಯವೆಂದು ಅಧಿಸೂಚನೆ ಆಗದಿದ್ದರೂ ಅರಣ್ಯವೆಂದೇ ಪರಿಗಣಿಸುವ ಜಮೀನಿನ) ಪಟ್ಟಿಯಲ್ಲಿ ಇಲ್ಲವೆಂಬುದನ್ನೂ ಅಲ್ಲಿಯೇ ಖಚಿತಪಡಿಸಿಕೊಳ್ಳಬಹುದು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪೂರ್ವಾನುಮತಿ 20,000 ಚದರ ಮೀಟರಿನಿಂದ ಮೇಲಿನ ಕಟ್ಟಡಗಳಿಗೆ ಸಂಬಂಧಿಸಿದ್ದು, ನಿಮಗೆ ಬೇಕಾಗದು.

ಮಣ್ಣಿನ ವಿಷಯದಲ್ಲಿ ಬಹಳ ಮಂದಿಗೆ ಗೊಂದಲವಿದೆ. ಕಟ್ಟಡ, ರಸ್ತೆ, ಏರಿಗಳಲ್ಲಿ ತುಂಬಲು ಅಥವಾ ಮಟ್ಟ ಮಾಡಲು ಬಳಸುವ ಸಾಧಾರಣ ಮಣ್ಣನ್ನು ಕೇಂದ್ರ ಸರ್ಕಾರ 2000ದ ಫೆಬ್ರವರಿಯಲ್ಲಿಯೇ ಉಪಖನಿಜವೆಂದು ಘೋಷಿಸಿದೆ. ಹಾಗಾಗಿ ಮಣ್ಣನ್ನು ಹೊರಗೆ ಸಾಗಿಸುವುದಾದರೆ, ಮಾರುವುದಾದರೆ, ರಾಜ್ಯದ 1994ರ ಉಪಖನಿಜ ರಿಯಾಯಿತಿ ನಿಯಮಗಳಂತೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಪಡೆದು ರಾಜಧನ ಕಟ್ಟಬೇಕು. ಆದರೆ ಪಾಯಕ್ಕೆಂದು ಅಗೆದ ಮಣ್ಣನ್ನು ಅದೇ ನಿವೇಶನದಲ್ಲಿ ಬಳಸಿಕೊಂಡದ್ದಕ್ಕೆ, ಅಗೆದಿದ್ದಾರೆಂಬ ಒಂದೇ ಕಾರಣದಿಂದ ರಾಜಧನ ವಿಧಿಸುವಂತಿಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟು ಪುಣೆಯ ಕಟ್ಟಡ ನಿರ್ಮಾಪಕರ ಪ್ರಕರಣದಲ್ಲಿ 2014ರ ಡಿಸೆಂಬರಿನಲ್ಲಿ ತಳೆದಿದೆ.

ಇನ್ನು ಜೆಸಿಬಿಯವರು ಹೇಳಿದ ವಿಧಾನ. ಅದನ್ನು ಒಪ್ಪಬೇಡಿ ಎಂದೇ ನಾನು ಹೇಳುತ್ತೇನೆ. ಮೇಲೆ ಗೋಡೆಯಂತೆ ನೆಟ್ಟಗೆ ಕಡಿದ ಧರೆ, ಕೆಳಗೆ ಸಡಿಲವಾಗಿ ತಳ್ಳಿದ ಮಣ್ಣು, ನಡುವೆ ಮನೆ: ಮಲೆನಾಡಿನಲ್ಲಿ ಕುಸಿದ ಎಷ್ಟೋ ಮನೆಗಳ ಚಿತ್ರ ಇದೇ. ನಮ್ಮ ಕಡೆ ಮೇಲಿನ ಕೆಂಪು ಜಂಬಿಟ್ಟಿಗೆಯ ಪದರ ಗಟ್ಟಿಯಾಗಿರುತ್ತದೆ. ಬೇಸಿಗೆಯಲ್ಲಿ ಕಡಿದಾಗ ಅದು ನೆಟ್ಟಗೆ ನಿಲ್ಲುವುದರಿಂದಲೇ ಜನ ಮೋಸಹೋಗುತ್ತಾರೆ. ಅದರ ಕೆಳಗೆ ಅನೇಕ ಕಡೆ ಬಿಳಿ, ನಸುಗುಲಾಬಿ ಬಣ್ಣದ ನುಣುಪು ಮಣ್ಣಿರುತ್ತದೆ, ಕರಾವಳಿಯವರು ಅದನ್ನು ಶೇಡಿ ಮಣ್ಣು ಎನ್ನುತ್ತಾರೆ. ಪುನರ್ವಸು, ಪುಷ್ಯ ಮಳೆಗಳ ಹೊತ್ತಿಗೆ ಅದು ನೀರು ಕುಡಿದು ಮೆದುವಾಗಿ, ಮೇಲಿನ ಭಾರವನ್ನು ಹೊತ್ತುಕೊಂಡೇ ಜಾರುತ್ತದೆ. 2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲೆಯ ಬಳಿ ರಾಷ್ಟ್ರೀಯ ಹೆದ್ದಾರಿ 75ರ ಮೇಲೆ ಗುಡ್ಡ ಜರಿದು ಸಂಚಾರ ನಿಂತದ್ದನ್ನು ನೀವೂ ನೋಡಿರುತ್ತೀರಿ.

ಸಾಧ್ಯವಿದ್ದರೆ ಮನೆಯನ್ನೇ ಎರಡು ಮಟ್ಟಗಳಲ್ಲಿ ಕಟ್ಟಿ, ಕಡಿಯುವ ಎತ್ತರವನ್ನು ಅರ್ಧಕ್ಕೆ ಇಳಿಸಿ. ಕಡಿಯಲೇಬೇಕಾದ ಕಡೆ ಮೆಟ್ಟಿಲು ಮೆಟ್ಟಿಲಾಗಿ, ಹಿಂದಕ್ಕೆ ಓರೆಯಾಗಿ ಕಡಿಸಿ. ಯಂತ್ರ ಬರುವ ಮೊದಲೇ ಧರೆಯ ನೆತ್ತಿಗಿಂತ ಒಂದಷ್ಟು ಮೇಲೆ ಅಡ್ಡಲಾಗಿ ಬಸಿಗಾಲುವೆ ತೆಗೆಸಿ, ಗುಡ್ಡದಿಂದ ಬರುವ ನೀರನ್ನು ಕಡಿದ ಮೈಗೆ ತಾಗದಂತೆ ಪಕ್ಕಕ್ಕೆ ತಿರುಗಿಸಬೇಕು. ಇದೊಂದನ್ನು ಮಾಡಿದರೆ ಅರ್ಧ ಅಪಾಯ ತಪ್ಪಿದಂತೆ. ತಡೆಗೋಡೆಯನ್ನು ಗುಡ್ಡಗಾಡಿನ ತಡೆಗೋಡೆಗಳಿಗೆಂದೇ ಇರುವ ಐಎಸ್ 14458 ಮಾನಕ ತಿಳಿದ ಎಂಜಿನಿಯರರಿಂದ ವಿನ್ಯಾಸ ಮಾಡಿಸಿ, ಗೋಡೆಯ ಹಿಂದೆ ಕಲ್ಲುಚೂರು ತುಂಬಿಸಿ ನೀರುಗಂಡಿಗಳನ್ನು ಬಿಡಿಸಿ. ನೀರು ಹೊರಬರಲು ದಾರಿಯಿಲ್ಲದ ಗೋಡೆ ಎಷ್ಟು ದಪ್ಪವಿದ್ದರೂ ನೀರಿನ ಒತ್ತಡಕ್ಕೆ ಬಾಗುತ್ತದೆ. ಅಂಗಳಕ್ಕೆ ತುಂಬುವ ಮಣ್ಣನ್ನು ಗೇಣುದ್ದದ ಪದರಗಳಲ್ಲಿ ಹರಡಿ ದಮ್ಮಸು ಮಾಡಿಸಿ, ಅಂಚಿಗೆ ಲಾವಂಚ ನೆಡಿಸಿ. ಮೇಲ್ಮಣ್ಣನ್ನು ಬೇರೆಯಾಗಿ ಎತ್ತಿಟ್ಟು ಕೊನೆಗೆ ಹೊದಿಸಿದರೆ ಹುಲ್ಲು ಬೇಗ ಹಿಡಿಯುತ್ತದೆ. ನಮ್ಮ ತೋಟಗಳಲ್ಲಿ ಹಿರಿಯರು ತೊಟ್ಟಿಲುಗುಂಡಿ ತೆಗೆದು ಮಣ್ಣು ಹಿಡಿದಿಟ್ಟ ಹಾಗೆಯೇ ನಿವೇಶನದ ಕೆಳಗೂ ಒಂದೆರಡು ಗುಂಡಿ ತೆಗೆಸಿ, ಕೆಸರು ಅಲ್ಲಿಯೇ ತಂಗುತ್ತದೆ. ಅಮೆರಿಕದ ಒಕ್ಕೂಟ ಪರವಾನಗಿಯಲ್ಲಿ ಕಾಲಿಂಚು ಮಳೆ ಬಿದ್ದರೆ ಒಂದು ದಿನದೊಳಗೆ ನಿವೇಶನವನ್ನು ಪರಿಶೀಲಿಸುವ ಕ್ರಮವಿದೆ. ಮೂಡಿಗೆರೆಯ ಜುಲೈನಲ್ಲಿ ಅಷ್ಟು ಮಳೆ ಒಂದು ಗಂಟೆಯ ಮಾತು. ಆದ್ದರಿಂದ ಮಣ್ಣಿನ ಕೆಲಸವನ್ನು ಸುಗ್ಗಿ ಮುಗಿದೊಡನೆ ಹಿಡಿದು ಮೇ ಮಧ್ಯದೊಳಗೆ ಮುಗಿಸಿ. ಆಗದಿದ್ದರೆ ಮುಂದಿನ ವರ್ಷಕ್ಕೆ ಬಿಡಿ.

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮ ಗದ್ದೆಯ ಮೇಲ್ಭಾಗದವರು ಗುಡ್ಡ ಮಟ್ಟ ಮಾಡಿ ಮಣ್ಣನ್ನು ಹಳ್ಳದ ಅಂಚಿಗೆ ಸುರಿದಿದ್ದಾರೆ. ಕಳೆದ ಮಳೆಗಾಲದಲ್ಲಿ ಹಳ್ಳ ತುಂಬಿ ಗದ್ದೆಗೆ ಕೆಸರು ನುಗ್ಗಿತು. ಕೇಳಿದರೆ, ಮೇಲಿನ ನೀರು ಕೆಳಗೆ ಬರುವುದು ಸಹಜವೆನ್ನುತ್ತಾರೆ. ದೂರು ಎಲ್ಲಿ ಕೊಡಬೇಕು?

ಉತ್ತರ: ಅವರ ಮಾತು ಅರ್ಧ ನಿಜ. ಮೇಲಿನ ಜಮೀನಿನಲ್ಲಿ ಬಿದ್ದ ಮಳೆನೀರು ಸಹಜವಾಗಿ ಕೆಳಗೆ ಹರಿಯಲು ಕೆಳಗಿನವರು ಬಿಡಬೇಕೆಂದು 1882ರ ಅನುಭೋಗ ಹಕ್ಕುಗಳ ಕಾಯ್ದೆಯ 7ನೇ ಸೆಕ್ಷನ್ ಹೇಳುತ್ತದೆ. ಆದರೆ ಗುಡ್ಡ ಕೆದಕಿ ಸುರಿದ ಮಣ್ಣು ಸಹಜ ಹರಿವಲ್ಲ. ಪಕ್ಕದ ನೆಲ ತನ್ನ ನೆಲಕ್ಕೆ ಕೊಡುವ ಸ್ವಾಭಾವಿಕ ಆಧಾರವನ್ನು ಕಳೆದುಕೊಳ್ಳದಿರುವ ಹಕ್ಕೂ ಅದೇ ಸೆಕ್ಷನ್ನಿನಲ್ಲಿದೆ. ನಿಮ್ಮ ಗಡಿಗೆ ಒತ್ತಿ ಧರೆ ಕಡಿದವರ ವಿರುದ್ಧ ಅದು ಉಪಯೋಗಕ್ಕೆ ಬರುತ್ತದೆ.

ಹಳ್ಳ ಸಾರ್ವಜನಿಕ ಬಳಕೆಯದಾದರೆ, ಅಡಚಣೆ ತೆಗೆಸುವಂತೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಅಡಿಯಲ್ಲಿ ಉಪವಿಭಾಗ ದಂಡಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಹಾನಿ ನಿಮ್ಮ ಗದ್ದೆಗೆ ಮಾತ್ರ ಆಗಿದ್ದರೆ ದಾರಿ ಸಿವಿಲ್ ನ್ಯಾಯಾಲಯದ ತಡೆಯಾಜ್ಞೆ. ಈ ಕೆಸರು ಗದ್ದೆಯಲ್ಲಿಯೇ ನಿಲ್ಲುವುದಿಲ್ಲ, ಹೇಮಾವತಿಗೆ ಸೇರಿ ಗೊರೂರಿನ ಜಲಾಶಯದವರೆಗೂ ಹೋಗುತ್ತದೆ ಎಂಬುದನ್ನು ಅರ್ಜಿಯಲ್ಲಿ ಬರೆಯಲು ಹಿಂಜರಿಯಬೇಡಿ.

ಅದಕ್ಕೂ ಮೊದಲು ಗ್ರಾಮ ಆಡಳಿತಾಧಿಕಾರಿಯವರನ್ನು ಸ್ಥಳಕ್ಕೆ ಕರೆಸಿ ಮಹಜರು ಮಾಡಿಸಿ, ಹಳ್ಳದ ಈಗಿನ ಅಗಲ ಆಳಗಳನ್ನು ಅಳೆಸಿ, ದಿನಾಂಕವಿರುವ ಫೋಟೊಗಳನ್ನು ಇಟ್ಟುಕೊಳ್ಳಿ. ಮೇಲಿನವರೊಡನೆ ಊರಿನ ಹಿರಿಯರ ಮುಂದೆ ಇನ್ನೊಮ್ಮೆ ಮಾತನಾಡಿ, ಸುರಿದ ಮಣ್ಣನ್ನು ಹಿಂದಕ್ಕೆ ಎಳೆಸಿ ಅಂಚಿಗೆ ಕಲ್ಲುಕಟ್ಟಣೆ ಹಾಕಿಸಲು ಏಪ್ರಿಲ್ ಕೊನೆಯವರೆಗೆ ಗಡುವು ಕೇಳಿ. ಒಪ್ಪಿದರೆ ಬರಹದಲ್ಲಿ ಪಡೆದುಕೊಳ್ಳಿ. ಒಪ್ಪದಿದ್ದರೆ ಮರುದಿನವೇ ಅರ್ಜಿ ಸಲ್ಲಿಸಿ, ಏಕೆಂದರೆ ಮಳೆ ಹಿಡಿದ ಮೇಲೆ ಬಂದ ಆದೇಶದಿಂದ ಆ ವರ್ಷದ ಗದ್ದೆ ಉಳಿಯುವುದಿಲ್ಲ.