ಪರ್ಷಿಯನ್ ಬೆಕ್ಕಿಗೆ ಮೊಸರನ್ನ ರೂಢಿ ಮಾಡಿಸಬಹುದೇ? ಡಾಲ್ ಫೇಸ್ ತರಲೋ, ಪಂಚ್ ಫೇಸ್ ತರಲೋ?

ಮಗಳು ಪರ್ಷಿಯನ್ ಬೆಕ್ಕು ಬೇಕೆಂದು ಅಳುತ್ತಿದ್ದಾಳೆ, ನಮ್ಮದು ಮಾಂಸ ತರದ ಮನೆ ಎಂದು ಬರೆದು, ಪ್ರಶ್ನೆಯ ಕೊನೆಯಲ್ಲಿ "ಪುರಾತನ ತಳಿ, ಗಟ್ಟಿಯಾಗಿರುತ್ತದೆ, ಹಸಿವಾದರೆ ತಾನಾಗಿಯೇ ತಿನ್ನುತ್ತದೆಯಲ್ಲವೇ" ಎಂದು ಕೇಳಿದ್ದೀರಿ. ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಇದೇ ಮಾತನ್ನು ನಮ್ಮ ಮನೆಯಲ್ಲೂ ಆಡಿದ್ದೆವು. ಎಲ್ಲರಿಗಿಂತ ಹೆಚ್ಚು ಸಲ ಆಡಿದವಳು ನಾನು. ರೂಢಿ ಮಾಡಿಸಬೇಡಿ. ಮುಖ ಯಾವುದಿರಬೇಕು, ಮೂಗು ಎದ್ದು ಕಾಣುವ ಡಾಲ್ ಫೇಸೋ, ಮೂಗು ಒಳಗೊತ್ತಿ ಚಪ್ಪಟೆಯಾದ ಪಂಚ್ ಫೇಸೋ ಎಂಬುದು ಆಮೇಲಿನ ಮಾತು.

ನಮ್ಮ ಪರ್ಷಿಯನ್ ಬೆಕ್ಕು ಮಲ್ಲಿ ನಮ್ಮಲ್ಲಿಗೆ ಮರಿಯಾಗಿ ಬಂದವಳಲ್ಲ. ಬೆಂಗಳೂರಿನಲ್ಲಿರುವ ನನ್ನ ಓರಗಿತ್ತಿಗೆ ಪರಿಚಯದವರು ವಿದೇಶಕ್ಕೆ ಹೊರಟಾಗ ಅವಳನ್ನು ಯಾರಿಗಾದರೂ ಕೊಡಬೇಕೆಂದಿದ್ದರು, ನಾವು ಮೈಸೂರಿಗೆ ತಂದುಕೊಂಡೆವು. ಅಚ್ಚ ಬಿಳಿ ಮೈ, ತಾಮ್ರದ ಬಣ್ಣದ ಕಣ್ಣು, ಎತ್ತಿಕೊಂಡರೆ ಐದು ಕಿಲೋ ಮೀರುವ ತೂಕ. ಜೊತೆಗೆ ಅರ್ಧ ಚೀಲ ಡ್ರೈ ಫುಡ್ ಕೊಟ್ಟಿದ್ದರು, ಕೋಳಿ ಮಾಂಸದ್ದು. ನಮ್ಮದು ಮೊಟ್ಟೆಯೂ ಒಳಗೆ ಬರದ ಮನೆ. ಆ ಚೀಲ ಮುಗಿಯುವವರೆಗೆ ಹೇಗೋ ನಡೆಯಲಿ, ಆಮೇಲೆ ನಮ್ಮ ಊಟವನ್ನೇ ಕೊಡೋಣ ಎಂದು ಅತ್ತೆಯವರು ಹೇಳಿದರು. ಅವರ ತವರು ತೀರ್ಥಹಳ್ಳಿಯ ಕಡೆ. ಅಲ್ಲಿ ಮನೆಯ ಬೆಕ್ಕುಗಳೆಲ್ಲ ಹಾಲನ್ನದಲ್ಲೇ ಬೆಳೆದದ್ದನ್ನು ಅವರು ಕಣ್ಣಾರೆ ಕಂಡವರು. ನನಗೂ ಅದು ಸರಿಯೆನಿಸಿತು. ಚೀಲ ಖಾಲಿಯಾಯಿತು, ಇನ್ನೊಂದು ತರಲಿಲ್ಲ.

ಮೊದಲ ದಿನ ಮೊಸರನ್ನದ ತಟ್ಟೆಯನ್ನು ಮೂಸಿ ನೋಡಿ, ಸುತ್ತಲಿನ ನೆಲವನ್ನು ಮುಂಗಾಲಿನಿಂದ ಕೆರೆದಳು, ಮಣ್ಣು ಎಳೆದು ಮುಚ್ಚುವ ಹಾಗೆ. ಹಾಲನ್ನ ಕಲಸಿ ತುಪ್ಪ ಹಾಕಿದೆ. ಬಿಸ್ಕತ್ತನ್ನು ಹಾಲಿನಲ್ಲಿ ನೆನೆಸಿಟ್ಟೆ. ಹಾಲನ್ನು ನಾಲ್ಕು ಬಾರಿ ನೆಕ್ಕಿ ಹೋಗುತ್ತಿದ್ದಳು. ಅಷ್ಟಕ್ಕೇ ಹೊಟ್ಟೆಗೆ ಏನೋ ಬಿತ್ತು ಎಂದು ನಾವು ಸಮಾಧಾನಪಟ್ಟುಕೊಂಡೆವು. ಹಠಮಾರಿ, ಇನ್ನೊಂದು ದಿನ ಹೋದರೆ ದಾರಿಗೆ ಬರುತ್ತಾಳೆ ಎಂದೆ. ಅವಳು ಮಂಚದ ಕೆಳಗೆ ಮಲಗುವುದು ಹೆಚ್ಚಾಯಿತು. ಅಷ್ಟು ದಟ್ಟ ಕೂದಲಿನ ಪ್ರಾಣಿ ಒಳಗೊಳಗೇ ಇಳಿಯುತ್ತಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಬೆನ್ನಿನ ಮೇಲೆ ಕೈಯಾಡಿಸಿ ಮೂಳೆ ಹುಡುಕಬೇಕು ಎಂಬುದು ನನಗೆ ಗೊತ್ತಿರಲಿಲ್ಲ.

ವಾರ ತುಂಬುವ ಮೊದಲೇ ಒಂದು ಬೆಳಿಗ್ಗೆ ಹಿತ್ತಲಿನ ಬಿಸಿಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಬಾಚುತ್ತಿದ್ದೆ. ಎಂದೂ ಬಾಚಣಿಗೆಗೆ ಸುಮ್ಮನೆ ಕೂರದವಳು ಅಂದು ಮಿಸುಕಲಿಲ್ಲ. ಕಿವಿಯ ಹಿಂದಿನ ಗಂಟು ಬಿಡಿಸಲು ಕಿವಿಯನ್ನು ಮಡಚಿದೆ. ತಿಳಿಗುಲಾಬಿ ಇರಬೇಕಾದ ಒಳಭಾಗ ಅರಿಸಿನ ಸವರಿದ ಹಾಗಿತ್ತು. ತುಟಿ ಎತ್ತಿ ನೋಡಿದೆ, ವಸಡೂ ಹಳದಿ. ಬಾಯಿಯ ಅಂಚಿನಲ್ಲಿ ಜೊಲ್ಲು ಸುರಿದು ಗದ್ದದ ಕೂದಲು ಅಂಟಿಕೊಂಡಿತ್ತು.

ಪಶುವೈದ್ಯರು ಕೇಳಿದ ಮೊದಲ ಪ್ರಶ್ನೆ, "ಕೊನೆಯ ಸಲ ಹೊಟ್ಟೆ ತುಂಬ ತಿಂದದ್ದು ಯಾವಾಗ?" ಕಾಯಿಲೆಯ ಹೆಸರು ಹೆಪಾಟಿಕ್ ಲಿಪಿಡೋಸಿಸ್, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವುದು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಇದು ತಿಳಿದಿದ್ದರೆ ನಾನು ಎರಡನೆಯ ದಿನವೇ ಅಂಗಡಿಗೆ ಓಡುತ್ತಿದ್ದೆ.

ಊಟ ನಿಂತಾಗ ದೇಹ ತನ್ನಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸುತ್ತದೆ. ಅದು ರಕ್ತದಲ್ಲಿ ಹರಿದು ಯಕೃತ್ತಿಗೆ ಬರುತ್ತದೆ. ಇಲ್ಲಿಯವರೆಗೆ ಬೆಕ್ಕಿಗೂ ನಮಗೂ ವ್ಯತ್ಯಾಸವಿಲ್ಲ. ಯಕೃತ್ತು ಅದರಲ್ಲಿ ಒಂದಷ್ಟನ್ನು ಉರಿಸಿ, ಉಳಿದದ್ದನ್ನು ಪ್ರೋಟೀನಿನ ಜೊತೆ ಕಟ್ಟಿ ಹೊರಗೆ ಕಳುಹಿಸಬೇಕು. ಆ ಪ್ರೋಟೀನು ಬೆಕ್ಕಿಗೆ ಬರುವುದು ದಿನದಿನದ ಮಾಂಸದಿಂದ. ಬೇಟೆಯಾಡಿ ಬದುಕಿದ ಪ್ರಾಣಿಯಾದ್ದರಿಂದ ಅದರ ದೇಹ ಊಟವಿರಲಿ ಬಿಡಲಿ ಪ್ರೋಟೀನನ್ನು ಖರ್ಚು ಮಾಡುತ್ತಲೇ ಇರುತ್ತದೆ. ಉಪವಾಸ ಬಿದ್ದಾಗ ಆ ಖರ್ಚನ್ನು ನಮ್ಮ ಹಾಗೆ ತಗ್ಗಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಹೀಗಾಗಿ ಕೊಬ್ಬು ಒಳಗೆ ಬರುತ್ತಲೇ ಇರುತ್ತದೆ, ಹೊರಗೆ ಹೋಗುವ ದಾರಿ ಮುಚ್ಚಿರುತ್ತದೆ. ಯಕೃತ್ತಿನ ಜೀವಕೋಶಗಳು ಕೊಬ್ಬು ತುಂಬಿ ಊದಿಕೊಂಡು ಕೆಲಸ ನಿಲ್ಲಿಸುತ್ತವೆ. ಆಗ ವಾಕರಿಕೆ ಶುರುವಾಗುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಇಷ್ಟವಾದ ಊಟವನ್ನೇ ಇಟ್ಟರೂ ತಿನ್ನುವುದಿಲ್ಲ. ನಾವು ಹಠ ಎಂದುಕೊಂಡದ್ದು ಆ ಹೊತ್ತಿಗಾಗಲೇ ಕಾಯಿಲೆಯಾಗಿತ್ತು. ದಪ್ಪಗಿರುವ ಬೆಕ್ಕಿಗೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಕರಗಿ ಬರುವ ಕೊಬ್ಬೂ ಹೆಚ್ಚು. ಮಲ್ಲಿ ದಷ್ಟಪುಷ್ಟವಾಗಿದ್ದಾಳೆ, ನಾಲ್ಕು ದಿನ ತಿನ್ನದಿದ್ದರೆ ಏನೂ ಆಗುವುದಿಲ್ಲ ಎಂಬ ನನ್ನ ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು.

ಚಿಕಿತ್ಸೆ ಎಂದರೆ ಊಟವೇ. ಕುತ್ತಿಗೆಯ ಪಕ್ಕದಲ್ಲಿ ಸಣ್ಣ ಗಾಯ ಮಾಡಿ ಅನ್ನನಾಳಕ್ಕೆ ಕೊಳವೆ ಇಟ್ಟರು. ಮಾಂಸದ ಆಹಾರವನ್ನು ತೆಳ್ಳಗೆ ಅರೆದು, ಸೋಸಿ, ಮೈ ಬಿಸಿಯಷ್ಟು ಬೆಚ್ಚಗೆ ಮಾಡಿ, ಸಿರಿಂಜಿನಲ್ಲಿ ನಿಧಾನವಾಗಿ ಒಳಗೆ ಬಿಡಬೇಕು. ಅವಸರ ಮಾಡಿದರೆ ವಾಂತಿ. ಕೊನೆಗೆ ನೀರು ಹಾಯಿಸದಿದ್ದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಹಗಲು ರಾತ್ರಿ ಗಂಟೆಗಳ ಲೆಕ್ಕದಲ್ಲಿ ವಾರಗಟ್ಟಲೆ ಇದು ನಡೆಯಿತು. ಮಹಡಿಯ ಕೋಣೆ ಕಟ್ಟಿಸಲು ಕೂಡಿಟ್ಟಿದ್ದ ಹಣದಲ್ಲಿ ದೊಡ್ಡ ಪಾಲು ಕರಗಿತು. ನನಗೆ ಹೆಚ್ಚು ನೋವಾದದ್ದು ಸಿರಿಂಜು ಕಂಡೊಡನೆ ಅವಳು ಗೋಡೆಗೆ ಒತ್ತಿಕೊಳ್ಳುತ್ತಿದ್ದ ರೀತಿಗೆ. ಬದುಕಿದಳು. ಸಮಯಕ್ಕೆ ಕೊಳವೆ ಇಟ್ಟರೆ ಬಹುತೇಕ ಬೆಕ್ಕುಗಳು ಬದುಕುತ್ತವೆ, ತಡಮಾಡಿದರೆ ಉಳಿಯುವುದು ಕಷ್ಟ.

ಹಾಗಾದರೆ ತೀರ್ಥಹಳ್ಳಿಯ ಬೆಕ್ಕುಗಳು? ಅವು ಹಾಲನ್ನದಿಂದ ಬದುಕಿರಲಿಲ್ಲ. ಅಟ್ಟದಲ್ಲಿ ಇಲಿ, ಕೊಟ್ಟಿಗೆಯಲ್ಲಿ ಹಲ್ಲಿ, ತೋಟದಲ್ಲಿ ಓತಿಕ್ಯಾತ, ಹಕ್ಕಿಮರಿ. ಹೊಟ್ಟೆಯ ಪಾಡು ಅಲ್ಲಿ ನಡೆಯುತ್ತಿತ್ತು. ಮನೆಯವರು ಹಾಕಿದ ಹಾಲನ್ನ ಮೇಲಿನ ತಿಂಡಿ. ಬಾಗಿಲು ಮುಚ್ಚಿದ ಮನೆಯೊಳಗಿನ ಬೆಕ್ಕಿಗೆ ತಟ್ಟೆಯಲ್ಲಿ ಇದ್ದದ್ದಷ್ಟೇ ಪ್ರಪಂಚ. ಹಸಿವು ತಾಳಲಾರದೆ ಅದು ಮೊಸರನ್ನಕ್ಕೆ ಒಗ್ಗಿಕೊಂಡಿತು ಎಂದೇ ಇಟ್ಟುಕೊಳ್ಳಿ, ಆಗಲೂ ಕಥೆ ಮುಗಿಯುವುದಿಲ್ಲ. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಟಾರಿನ್ ಎಂಬ ಅಂಶ ಬೇಕು, ಅದನ್ನು ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿ ಅದರ ದೇಹಕ್ಕಿಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ಸೋಲುತ್ತದೆ ಎಂಬುದನ್ನು 1987ರಲ್ಲಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ತೋರಿಸಿಕೊಟ್ಟರು. ಅನ್ನದಲ್ಲಿ ಅದು ಇಲ್ಲ, ಹಾಲು ಮೊಸರಿನಲ್ಲಿ ಇರುವುದು ಏನೇನೂ ಸಾಲದು. ಕ್ಯಾರೆಟ್ಟಿನ ಹಳದಿ ಅಂಶವನ್ನು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳಲೂ ಅದಕ್ಕೆ ಆಗುವುದಿಲ್ಲ. ಸಸ್ಯಾಹಾರಿ ಬೆಕ್ಕು ಎಂಬುದು ನಮ್ಮ ಆಸೆ ಮಾತ್ರ.

ನಿಮ್ಮ ಮನೆಯ ಆಚಾರವನ್ನು ನಾನು ಹಗುರವಾಗಿ ನೋಡುತ್ತಿಲ್ಲ, ನಾನೂ ಅದೇ ಆಚಾರದಲ್ಲಿ ಇರುವವಳು. ನಮ್ಮಲ್ಲಿ ದಾರಿ ಹುಡುಕಿದವರು ಅತ್ತೆಯವರೇ. ಹಿತ್ತಲ ಬಾಗಿಲ ಪಕ್ಕದ ಜಗುಲಿಯಲ್ಲಿ ಮಲ್ಲಿಗೆ ಬೇರೆ ಗೂಡು, ಬೇರೆ ತಟ್ಟೆ, ಬೇರೆ ಚಮಚ, ತೊಳೆಯುವುದು ಹಿತ್ತಲಿನ ನಲ್ಲಿಯಲ್ಲಿ. ಪ್ಯಾಕೆಟ್ಟಿನ ಆಹಾರ ಅಲ್ಲಿಂದ ಒಳಗೆ ಬರುವುದಿಲ್ಲ. ಕೊಳವೆಯ ದಿನಗಳಲ್ಲಿ ಊಟದ ಹೊತ್ತಾಯಿತೆಂದು ನನ್ನನ್ನು ನಸುಕಿನಲ್ಲಿ ಎಬ್ಬಿಸುತ್ತಿದ್ದವರೂ ಅವರೇ. ನಿಮ್ಮ ಮನೆಯಲ್ಲಿ ಇಷ್ಟಕ್ಕೂ ಒಪ್ಪಿಗೆ ಇಲ್ಲದಿದ್ದರೆ ಮಗಳು ಎಷ್ಟೇ ಅತ್ತರೂ ಬೆಕ್ಕನ್ನು ತರಬೇಡಿ.

ಇನ್ನು ಪುರಾತನ ಎಂಬ ಮಾತು. ಪರ್ಷಿಯಾದ ಖೊರಾಸಾನ್ ಪ್ರಾಂತ್ಯದ ನೀಳಕೂದಲಿನ ಬೆಕ್ಕುಗಳನ್ನು ಮೆಚ್ಚಿ, ರೋಮ್‌ಗೆ ಒಯ್ಯಬೇಕೆಂದು 1620ರಲ್ಲಿ ಪತ್ರ ಬರೆದವನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ. ಮೂರು ವರ್ಷಗಳ ಬಳಿಕ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನವನ್ನೂ, ಆಮೇಲೆ ಉಳ್ಳಾಲದ ರಾಣಿಯನ್ನೂ ಕಂಡು ಬರೆದ ಆ ಪ್ರವಾಸಿಯೇ ಇವನು. ಇಂಥ ಹಿನ್ನೆಲೆ ನನಗೂ ಇಷ್ಟ. ಆದರೆ ಅವನು ಕಂಡ ಬೆಕ್ಕಿಗೂ ಇಂದು ಪಂಚ್ ಫೇಸ್ ಎಂದು ಮಾರುವ ಬೆಕ್ಕಿಗೂ ನಡುವೆ ಯೂರೋಪಿನ ಬೆಕ್ಕು ಪ್ರದರ್ಶನಗಳಿವೆ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ಪ್ರದರ್ಶನದಲ್ಲಿದ್ದ ಪರ್ಷಿಯನ್ ಬೆಕ್ಕುಗಳಿಗೂ ಮೂಗು ಇತ್ತು. ಅದನ್ನು ತಟ್ಟಿ ಚಪ್ಪಟೆ ಮಾಡಿದ್ದು ಇಪ್ಪತ್ತನೆಯ ಶತಮಾನದ ಸಾಕಣೆದಾರರು. 2008ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದರಲ್ಲಿ ಇಂದಿನ ಪರ್ಷಿಯನ್ ಬೆಕ್ಕುಗಳು ಪಶ್ಚಿಮ ಏಷ್ಯಾದ ಬೆಕ್ಕುಗಳಿಗಿಂತ ಪಶ್ಚಿಮ ಯೂರೋಪಿನ ಬೆಕ್ಕುಗಳಿಗೇ ಹತ್ತಿರ ಎಂದು ಕಂಡುಬಂತು. ಹೆಸರು ಹಳೆಯದು, ಮೈಕಟ್ಟು ಇತ್ತೀಚಿನದು. ಗಟ್ಟಿತನವನ್ನು ಅದರಿಂದ ನಿರೀಕ್ಷಿಸಬೇಡಿ.

ಆದ್ದರಿಂದ ಪಂಚ್ ಫೇಸ್, ಎರಡರ ನಡುವಿನ ಸೆಮಿ ಪಂಚ್ ಯಾವುದೂ ಬೇಡ. ಮೂಗು ಕುಗ್ಗಿದಷ್ಟೂ ಉಸಿರು ಕಷ್ಟ, ಕಣ್ಣೀರಿನ ನಾಳ ಸೊಟ್ಟಗಾಗಿ ಕಣ್ಣಿನಿಂದ ನೀರು ಸುರಿಯುತ್ತಲೇ ಇರುತ್ತದೆ, ನಮ್ಮ ಏಪ್ರಿಲ್ ಬಿಸಿಲು ತಡೆಯುವುದಿಲ್ಲ. ಅಂಗಡಿಯವರು ಮುಖ ಚಪ್ಪಟೆಯಾದಷ್ಟೂ ಬೆಲೆ ಏರಿಸುತ್ತಾರೆ. ಕಾಯಿಲೆಗೆ ಹೆಚ್ಚು ಹಣ ಕೊಟ್ಟ ಹಾಗೆ ಅದು. ಡಾಲ್ ಫೇಸ್ ಆದರೂ ಮೂತ್ರಪಿಂಡದಲ್ಲಿ ನೀರುಗುಳ್ಳೆ ಬೆಳೆಯುವ ವಂಶಪಾರಂಪರ್ಯ ಕಾಯಿಲೆ, ಪಿಕೆಡಿ, ಈ ತಳಿಯನ್ನು ಕಾಡುತ್ತದೆ. ಹಲವು ದೇಶಗಳ ಹಳೆಯ ತಪಾಸಣೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪರ್ಷಿಯನ್ ಬೆಕ್ಕುಗಳಲ್ಲಿ ಅದು ಕಂಡಿತ್ತು. ಕಾರಣವಾದ ವಂಶವಾಹಿ ದೋಷ 2004ರಲ್ಲೇ ಪತ್ತೆಯಾಗಿದೆ, ಪರೀಕ್ಷೆಯೂ ಇದೆ. ತಾಯಿ ತಂದೆಯ ವರದಿ ಕೇಳಿ. ಕೊಡದವರಿಂದ ಮರಿ ತರಬೇಡಿ.

ನನ್ನನ್ನು ಕೇಳಿದರೆ ಮರಿಯೇ ಬೇಡ. ಕೂದಲು ಉದುರುತ್ತದೆ, ಬಾಚಲು ಪುರುಸೊತ್ತಿಲ್ಲ ಎಂದು ಜನ ಬಿಟ್ಟುಕೊಡುವ ವಯಸ್ಕ ಪರ್ಷಿಯನ್ ಬೆಕ್ಕುಗಳು ಬೆಂಗಳೂರಿನ ಪ್ರಾಣಿ ರಕ್ಷಣೆಯವರ ಬಳಿ ಸಿಗುತ್ತವೆ. ಬಾಚುವುದು ದಿನವೂ ಇದ್ದದ್ದೇ. ಉಕ್ಕಿನ ಬಾಚಣಿಗೆಯಿಂದ ಕಂಕುಳು, ಕಿವಿಯ ಹಿಂದೆ, ಹೊಟ್ಟೆಯ ಕೆಳಗೆ ಬುಡದಿಂದ ಬಿಡಿಸಬೇಕು. ಗಂಟನ್ನು ಕತ್ತರಿಯಿಂದ ಕತ್ತರಿಸಲು ಹೋಗಬೇಡಿ, ಗಂಟಿನ ಜೊತೆ ಚರ್ಮವೂ ಮೇಲೆದ್ದು ಬಂದಿರುತ್ತದೆ. ಮೈಮೇಲೆ ಕೂದಲುದುರಿದ ದುಂಡು ಕಲೆ ಕಂಡರೆ ಹುಳುಕಡ್ಡಿ ಇರಬಹುದು. ಅದು ಮಕ್ಕಳಿಗೂ ಹರಡುತ್ತದೆ, ತಡಮಾಡದೆ ತೋರಿಸಿ.

ಮನೆಗೆ ತರುವ ದಿನ ಅದು ಇದುವರೆಗೆ ತಿನ್ನುತ್ತಿದ್ದ ಆಹಾರದ ಹೆಸರನ್ನು ಬರೆದುಕೊಂಡು, ಅದನ್ನೇ ಒಂದು ತಿಂಗಳಿಗಾಗುವಷ್ಟು ಕೊಂಡುಕೊಳ್ಳಿ. ಬದಲಿಸುವುದಿದ್ದರೆ ಹಳೆಯದಕ್ಕೆ ಹೊಸದನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತ ವಾರ ಹತ್ತು ದಿನ ತೆಗೆದುಕೊಳ್ಳಿ, ಹೊಸದೂ ಮಾಂಸದ್ದೇ ಇರಲಿ. ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ದಿನದ ಆಹಾರ ತೂಗಿ ಕೊಟ್ಟರೆ ಎಷ್ಟು ಉಳಿಯಿತೆಂಬುದು ಸರಿಯಾಗಿ ತಿಳಿಯುತ್ತದೆ. ಒಂದು ಇಡೀ ದಿನ ಮುಟ್ಟದಿದ್ದರೆ ವೈದ್ಯರಿಗೆ ಫೋನ್ ಮಾಡಿ. ಎರಡನೆಯ ದಿನವೂ ಮುಟ್ಟದಿದ್ದರೆ ಫೋನ್ ಬೇಡ, ಬುಟ್ಟಿಯಲ್ಲಿ ಹಾಕಿಕೊಂಡು ಹೊರಟುಬಿಡಿ.