ಎಗ್ ಡೊನೇಟ್ ಮಾಡಿದರೆ ಏನೂ ಆಗಲ್ಲ ಅಂತಾರೆ ಏಜೆಂಟ್. ನಂಬಬಹುದಾ? ಎಷ್ಟು ದುಡ್ಡು ಕೇಳಬೇಕು?

ಗಾರ್ಮೆಂಟ್ಸ್ ಕೆಲಸ, ಸಂಘದ ಸಾಲದ ಕಂತು ಬಾಕಿ, ಪರಿಚಯದ ಒಬ್ಬರು "ಹತ್ತು ದಿನ ಇಂಜೆಕ್ಷನ್, ಅರ್ಧ ಗಂಟೆ ಕೆಲಸ, ಕೈಗೆ ದುಡ್ಡು, ಆರು ತಿಂಗಳು ಬಿಟ್ಟು ಮತ್ತೆ ಬರಬಹುದು" ಎಂದು ಐವಿಎಫ್ ಸೆಂಟರಿಗೆ ಕರೆಯುತ್ತಿದ್ದಾರೆ ಎಂದು ಬರೆದಿದ್ದೀರಿ. ಕಾನೂನು ಬರುವುದಕ್ಕೆ ಮುಂಚೆ ನಾನೂ ಇದೇ ಮಾತು ಕೇಳಿ ಹೋದವಳು. ಈಗ ಅಂಡಾಣು ದಾನಕ್ಕೆ ಬರುವ ಹೆಂಗಸರಿಗೆ ವಿಷಯ ಬಿಡಿಸಿ ಹೇಳುವುದೇ ನನ್ನ ಕೆಲಸ.

ನನಗೆ ಪೆಟ್ಟು ಕೊಟ್ಟಿದ್ದು ಇಂಜೆಕ್ಷನ್ ಅಲ್ಲ, ಸೂಜಿಯೂ ಅಲ್ಲ. ಬೇರೆ ಹೆಸರಿನಲ್ಲಿ ದಾಖಲಾಗಿದ್ದು. "ಮನೆಯವರಿಗೆ ಗೊತ್ತಾಗೋದು ಬೇಡ, ಬೇರೆ ಹೆಸರು ಬರೆಸೋಣ" ಎಂದು ಏಜೆಂಟ್ ಹೇಳಿದಾಗ ಅದು ನನಗೇ ಮಾಡುವ ಉಪಕಾರ ಅಂತ ಕಂಡಿತು. ಫೈಲ್ ಅವರ ಬ್ಯಾಗಿನಲ್ಲೇ ಉಳಿಯಿತು. ಮನೆಗೆ ಬಂದ ಮೇಲೆ ಹೊಟ್ಟೆ ಉಬ್ಬಿ, ಉಸಿರು ಕಟ್ಟಿ, ಇನ್ನೊಂದು ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದಾಗ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಎಲ್ಲರೂ "ಕಾಗದ ತಾನೇ" ಎಂದು ಬಿಟ್ಟುಬಿಡುವುದು ಇದನ್ನೇ. ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡು ಊದಿಕೊಳ್ಳುವ ಈ ತೊಂದರೆಗೆ ಓಎಚ್‌ಎಸ್‌ಎಸ್ ಎನ್ನುತ್ತಾರೆ. ರಕ್ತನಾಳಗಳಿಂದ ನೀರು ಸೋರಿ ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತದೆ, ರಕ್ತ ಗಟ್ಟಿಯಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಎದುರಿಗೆ ಕೂತ ಡಾಕ್ಟರಿಗೆ ನಾಲ್ಕು ವಿಷಯ ಬೇಕು: ಯಾವ ದಿನ ಅಂಡಾಣು ತೆಗೆದರು, ಎಷ್ಟು ತೆಗೆದರು, ಅಂಡಾಣು ಪಕ್ವವಾಗಲು ಕೊಡುವ ಕೊನೆಯ ಟ್ರಿಗರ್ ಇಂಜೆಕ್ಷನ್ ಯಾವುದು, ಮೊದಲಿನ ರಕ್ತ ಪರೀಕ್ಷೆಯಲ್ಲಿ ಏನಿತ್ತು. ಇದು ಗೊತ್ತಿಲ್ಲದಿದ್ದರೆ ಹೊಟ್ಟೆನೋವಿನ ಹೆಂಗಸೆಂದು ಗ್ಯಾಸ್, ಅಪೆಂಡಿಕ್ಸ್, ಗರ್ಭನಾಳದಲ್ಲಿ ನಿಂತ ಗರ್ಭ ಎಂದು ಹುಡುಕುತ್ತಾ ಹೊತ್ತು ಹೋಗುತ್ತದೆ. ನೋವಿಗೆ ಡೈಕ್ಲೋಫಿನಾಕ್ ಚುಚ್ಚಿಬಿಡಬಹುದು. ಓಎಚ್‌ಎಸ್‌ಎಸ್ ಇದ್ದಾಗ ಆ ಜಾತಿಯ ನೋವಿನ ಔಷಧ ಕೂಡದು, ಮೊದಲೇ ರಕ್ತ ಸಾಲದೆ ಸೊರಗಿರುವ ಕಿಡ್ನಿಗೆ ಅದು ಇನ್ನೊಂದು ಏಟು. ಪ್ಯಾರಾಸಿಟಮಾಲ್ ಆಗಬಹುದು. ಇನ್ನು ಇನ್ಶೂರೆನ್ಸ್. ಇಲ್ಲದ ಹೆಂಗಸಿನ ಹೆಸರಿನ ಪಾಲಿಸಿಯಿಂದ ಇರುವ ಹೆಂಗಸಿಗೆ ಒಂದು ರೂಪಾಯಿಯೂ ಬರುವುದಿಲ್ಲ. ದೂರು ಕೊಡಲು ಹೋದರೂ ಅಷ್ಟೆ, ಆ ಸೆಂಟರಿನ ದಾಖಲೆಯಲ್ಲಿ ನೀವು ಬಂದೇ ಇಲ್ಲ.

ಆದ್ದರಿಂದ "ಎಷ್ಟು ಕೇಳಬೇಕು" ಎಂಬ ಪ್ರಶ್ನೆಯನ್ನೇ ಬಿಡಿ. ಚೌಕಾಸಿಯಲ್ಲಿ ನೀವು ಗೆದ್ದರೂ ಅಪಾಯವೆಲ್ಲ ನಿಮ್ಮ ಮೈಮೇಲೆ, ಜವಾಬ್ದಾರಿ ಯಾರ ಮೇಲೂ ಇಲ್ಲ ಎನ್ನುವುದು ಬದಲಾಗುವುದಿಲ್ಲ. ಅದಕ್ಕಿಂತ ಮೊದಲು, ಕಾನೂನಿನ ಪ್ರಕಾರ ಆ ಏಜೆಂಟ್ ಇರುವಂತೆಯೇ ಇಲ್ಲ. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ 2021ರದ್ದು, 2022ರ ಜನವರಿ 25ರಿಂದ ಜಾರಿಯಲ್ಲಿದೆ. ಮಧ್ಯವರ್ತಿಗಳನ್ನಿಟ್ಟು ದಾನಿಗಳನ್ನು ಹಿಡಿಯುವುದು, ದಾನಿಗಳನ್ನು ಕೊಳ್ಳುವುದು ಅದರಡಿ ಅಪರಾಧ. ಮೊದಲ ಸಲಕ್ಕೆ 5ರಿಂದ 10 ಲಕ್ಷ ರೂಪಾಯಿ ದಂಡ, ಮರುಕಳಿಸಿದರೆ 3ರಿಂದ 8 ವರ್ಷ ಜೈಲು, ಜೊತೆಗೆ 10ರಿಂದ 20 ಲಕ್ಷ ದಂಡ. ಅಂಡಾಣು ಕೊಡುವವಳ ವಯಸ್ಸು 23ರಿಂದ 35ರೊಳಗಿರಬೇಕು. ಜೀವಮಾನದಲ್ಲಿ ಒಂದೇ ಸಲ ಕೊಡಬಹುದು, 7ಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. "ಆರು ತಿಂಗಳು ಬಿಟ್ಟು ಮತ್ತೆ ಬರಬಹುದು" ಎಂದಾಗಲೇ ಅವರು ಕಾನೂನಿನ ಆಚೆ ನಿಂತು ಮಾತಾಡುತ್ತಿದ್ದಾರೆ. ಬೇರೆ ಹೆಸರು ಬೇಕಾಗುವುದೂ ಇದಕ್ಕೇ, ಒಂದೇ ದೇಹವನ್ನು ಹಲವು ಸಲ ಕಳಿಸುವುದಕ್ಕೆ. 2022ರಲ್ಲಿ ತಮಿಳುನಾಡಿನ ಈರೋಡಿನಲ್ಲಿ ಬಯಲಾಗಿದ್ದು ಇದೇ: ಆಧಾರ್‌ನಲ್ಲಿ ವಯಸ್ಸು ತಿದ್ದಿ 16 ವರ್ಷದ ಹುಡುಗಿಯಿಂದ ಮತ್ತೆ ಮತ್ತೆ ಅಂಡಾಣು ತೆಗೆಸಿದ್ದರು.

7ರ ಮಿತಿ ಅವೈಜ್ಞಾನಿಕ, ಎಷ್ಟು ಬೆಳೆಯುತ್ತವೆ ಎಂದು ಮೊದಲೇ ಹೇಳಲಾಗದು ಎಂದು ಕೆಲವು ವೈದ್ಯರು ಆಕ್ಷೇಪಿಸುತ್ತಾರೆ. ಅದರಲ್ಲಿ ಸ್ವಲ್ಪ ನಿಜವಿದೆ. ಆದರೆ ಮಿತಿ ಇರುವುದರಿಂದಲೇ ಡೋಸ್ ಏರಿಸುವ ಕೈ ತಡೆಯುತ್ತದೆ. ನಾನು ಮಿತಿಯ ಪರ.

ಮೈಗೆ ಏನಾಗುತ್ತದೆ ಎಂಬುದಕ್ಕೆ ಬರುತ್ತೇನೆ. ಮುಟ್ಟಾದ ಎರಡನೇ ಅಥವಾ ಮೂರನೇ ದಿನ ಸ್ಕ್ಯಾನ್ ಮಾಡಿ, ದಿನವೂ ಅಂಡಾಣು ಬೆಳೆಸುವ ಹಾರ್ಮೋನಾದ ಎಫ್‌ಎಸ್‌ಎಚ್ ಇಂಜೆಕ್ಷನ್ ಶುರು ಮಾಡುತ್ತಾರೆ, ಸಾಮಾನ್ಯವಾಗಿ 150ರಿಂದ 225 ಯೂನಿಟ್. ಐದಾರು ದಿನ ಕಳೆದ ಮೇಲೆ, ಅಂಡಾಣು ತಾನಾಗಿ ಬಿಡುಗಡೆಯಾಗದಂತೆ ಆಂಟಾಗೊನಿಸ್ಟ್ ಇಂಜೆಕ್ಷನ್ ಸೇರುತ್ತದೆ. ಅಂಡಾಣು ಇರುವ ಕೋಶಗಳು 18 ಮಿ.ಮೀ. ಆಸುಪಾಸು ಬೆಳೆದಾಗ ಟ್ರಿಗರ್. ಅದಾಗಿ 34ರಿಂದ 36 ಗಂಟೆಗೆ ಅರಿವಳಿಕೆ ಕೊಟ್ಟು, ಯೋನಿಯ ಮೂಲಕ ಸೂಜಿ ಹಾಕಿ ತೆಗೆಯುತ್ತಾರೆ. ರಕ್ತಸ್ರಾವ, ಸೋಂಕು, ಊದಿದ ಅಂಡಾಶಯ ತಿರುಚಿಕೊಳ್ಳುವುದು ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಟ್ರಿಗರ್ ವಿಷಯ ಚೆನ್ನಾಗಿ ನೆನಪಿಡಿ, ಅದರಲ್ಲಿ ಎರಡು ಬಗೆ. ಎಚ್‌ಸಿಜಿ ಇಂಜೆಕ್ಷನ್ ದಿನಗಟ್ಟಲೆ ದೇಹದಲ್ಲಿದ್ದು ಅಂಡಾಶಯವನ್ನು ಕೆಣಕುತ್ತಲೇ ಇರುತ್ತದೆ, ಓಎಚ್‌ಎಸ್‌ಎಸ್‌ಗೆ ಮುಖ್ಯ ದಾರಿ ಅದು. ಲ್ಯುಪ್ರೊಲೈಡ್, ಟ್ರಿಪ್ಟೊರೆಲಿನ್‌ನಂಥ ಅಗೊನಿಸ್ಟ್ ಟ್ರಿಗರ್ ಕೊಟ್ಟರೆ ಅಪಾಯ ತುಂಬಾ ಇಳಿಯುತ್ತದೆ. ಅದರ ಮುಖ್ಯ ಕೊರತೆ ಎಂದರೆ, ಅದೇ ತಿಂಗಳು ಗರ್ಭ ನಿಲ್ಲಬೇಕಾದವಳಿಗೆ ಗರ್ಭಕೋಶದ ಪೋಷಣೆ ಸಾಲದೆ ಹೋಗಬಹುದು. ನೀವು ಗರ್ಭ ಹೊರುವವರಲ್ಲವಲ್ಲ! ಹಾಗಿರುವಾಗ ದಾನಿಗೆ ಎಚ್‌ಸಿಜಿ ಕೊಡಲು ಕಾರಣ ಸಿಗುವುದು ತೀರಾ ಅಪರೂಪ. ವೈದ್ಯಕೀಯವಾಗಿ ತನಗೆ ಯಾವ ಲಾಭವೂ ಇಲ್ಲದ ಹೆಂಗಸಿನ ಮೇಲೆ, ತಪ್ಪಿಸಬಹುದಾದ ಅಪಾಯವನ್ನು ಹೇರುವುದು ಅನ್ಯಾಯ. ಮಗು ಬೇಕೆಂದು ಬಂದ ದಂಪತಿಗೆ ಕೂರಿಸಿಕೊಂಡು ವಿವರಿಸುವ ಸೆಂಟರ್, ಅಂಡಾಣು ಕೊಡುವವಳಿಗೆ ಏಜೆಂಟನ ಐದು ನಿಮಿಷದ ಮಾತೇ ಸಾಕು ಎಂದುಕೊಂಡರೆ ಅಲ್ಲಿ ಒಪ್ಪಿಗೆ ಎಂಬುದೇ ನಡೆದಿಲ್ಲ. ಪಿಸಿಓಡಿ (ಅಂಡಾಶಯದಲ್ಲಿ ಸಣ್ಣ ಕೋಶಗಳು ಹೆಚ್ಚಿರುವ ತೊಂದರೆ) ಇದ್ದರೆ, ಅಂಡಾಣುಗಳ ದಾಸ್ತಾನು ತೋರಿಸುವ ಎಎಂಎಚ್ ರಕ್ತ ಪರೀಕ್ಷೆಯಲ್ಲಿ ಅಂಕಿ ಹೆಚ್ಚಿದ್ದರೆ ಅಪಾಯ ಇನ್ನೂ ಜಾಸ್ತಿ, ಮೊದಲೇ ಹೇಳಿ.

ಎಲ್ಲ ಕೇಳಿಯೂ ಕೊಡುತ್ತೇನೆ ಎನ್ನುವುದಾದರೆ ನೇರವಾಗಿ, ಕಾಯ್ದೆಯಡಿ ದಾನಿಗಳನ್ನು ಒದಗಿಸುವ ನೋಂದಾಯಿತ ಎಆರ್‌ಟಿ ಬ್ಯಾಂಕಿಗೆ ಹೋಗಿ, ನೋಂದಣಿ ಪತ್ರ ತೋರಿಸಲು ಕೇಳಿ. ನಿಮ್ಮದೇ ಹೆಸರು, ನಿಮ್ಮದೇ ಆಧಾರ್. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೇಳಿ, ಕೊಡದಿದ್ದರೆ ಸಹಿ ಹಾಕಬೇಡಿ. ದಾನಿಯ ಹೆಸರಿನಲ್ಲಿ 12 ತಿಂಗಳ ಆರೋಗ್ಯ ವಿಮೆಯನ್ನು ಮಗು ಬಯಸುವ ದಂಪತಿಯೇ ಮಾಡಿಸಬೇಕು ಎಂದು ನಿಯಮವಿದೆ. ಆ ಪಾಲಿಸಿ ಮೊದಲ ಇಂಜೆಕ್ಷನ್‌ಗೆ ಮುಂಚೆ ನಿಮ್ಮ ಕೈಯಲ್ಲಿರಲಿ, "ಆಮೇಲೆ ಕಳಿಸ್ತೀವಿ" ಎಂದರೆ ಎದ್ದು ಬನ್ನಿ. ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆಯ ವರದಿ ನಿಮ್ಮ ರಕ್ತದ್ದು, ಪ್ರತಿ ಕೇಳಿ. ಹುಟ್ಟುವ ಮಗುವಿನ ಮೇಲೆ ನಿಮಗೆ ಯಾವ ಹಕ್ಕೂ ಇರುವುದಿಲ್ಲ ಎಂಬುದೂ ತಲೆಯಲ್ಲಿರಲಿ.

ಅಂಡಾಣು ತೆಗೆದ ದಿನದಿಂದ ದಿನವೂ ಬೆಳಿಗ್ಗೆ ತೂಕ ನೋಡಿ. ದಿನಕ್ಕೆ ಒಂದು ಕೆ.ಜಿ.ಗಿಂತ ಹೆಚ್ಚು ಏರಿದರೆ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾದರೆ, ಉಸಿರಾಟ ಕಷ್ಟವಾದರೆ, ಮೀನಖಂಡ ನೋವು ಬಂದು ಊದಿದರೆ ಕಾಯಬೇಡಿ. ಮುಂದಿನ ಮುಟ್ಟು ಬರುವ ತನಕ ಭಾರ ಎತ್ತಬೇಡಿ, ಗಂಡನ ಜೊತೆ ಸೇರಬೇಡಿ.

ಒಂದು ವೇಳೆ ಈಗಾಗಲೇ ಇಂಜೆಕ್ಷನ್ ಶುರುವಾಗಿದ್ದರೆ, ಹೆದರಿ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಟ್ರಿಗರ್ ಆಗದಿದ್ದರೆ ಬೇಡ ಎನ್ನಲು ಇನ್ನೂ ಸಮಯವಿದೆ, ಆದರೆ ಸ್ಕ್ಯಾನ್ ನೋಡಿ ಹೇಗೆ ನಿಲ್ಲಿಸಬೇಕೆಂದು ಡಾಕ್ಟರೇ ಹೇಳಬೇಕು. ಇವತ್ತೇ ಹೋಗಿ ಪ್ರತಿ ಸ್ಕ್ಯಾನ್ ವರದಿ, ಇಂಜೆಕ್ಷನ್ ಚಾರ್ಟ್‌ನ ಫೋಟೋ ತೆಗೆದುಕೊಳ್ಳಿ. ಕೊಡದಿದ್ದರೆ ಆ ಸೆಂಟರಿನ ಕುಂದುಕೊರತೆ ಘಟಕಕ್ಕೆ ಬರವಣಿಗೆಯಲ್ಲಿ ಕೊಡಿ, ಅಂಥ ಘಟಕ ಇಡುವುದು ಕಾಯ್ದೆಯಲ್ಲಿ ಕಡ್ಡಾಯ. ಅಲ್ಲಿ ಕೇಳದಿದ್ದರೆ ರಾಜ್ಯದ ಸಕ್ಷಮ ಪ್ರಾಧಿಕಾರಕ್ಕೆ ದೂರು. ಯಾವ ದಿನದ ಇಂಜೆಕ್ಷನ್‌ನಲ್ಲಿದ್ದೀರಿ, ಯಾವ ಔಷಧ ಎಂದು ಇಲ್ಲೇ ಬರೆಯಿರಿ, ಡಾಕ್ಟರಲ್ಲಿ ಏನೇನು ಕೇಳಬೇಕೆಂದು ಹೇಳುತ್ತೇನೆ.