ದೀಪ ಆರಿಸಬೇಡಿ, ಪೆನ್ನು ಕೊಡಿ

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಬರೆದವರು ಬೆಂಗಳೂರಿನ ಗೃಹಿಣಿ. ಪತಿ ಸಚಿವರೊಬ್ಬರ ವಿಶೇಷ ಕರ್ತವ್ಯಾಧಿಕಾರಿ, ಹನ್ನೊಂದು ವರ್ಷಗಳಿಂದ ಅದೇ ನಾಯಕರ ಬಲಗೈ. ಯಾರನ್ನು ಒಳಗೆ ಬಿಡಬೇಕು, ಯಾವ ಕಡತ ಮುಂದಕ್ಕೆ ಹೋಗಬೇಕು, ಸದನದಲ್ಲಿ ಸಾಹೇಬರು ಏನು ಓದಬೇಕು ಎಂಬುದೆಲ್ಲ ಅವರದೇ ತೀರ್ಮಾನ. ಕಳೆದ ಅಧಿವೇಶನದಲ್ಲಿ ಒಂದು ಖರೀದಿಯ ಬಗ್ಗೆ ಪ್ರಶ್ನೆ ಬಂದಾಗ ಉತ್ತರವನ್ನು ರಾತ್ರೋರಾತ್ರಿ ಬರೆದವರೂ ಅವರೇ. ಈಗ ಇಲಾಖಾ ವಿಚಾರಣೆ ನಡೆದಿದೆ, ಸಾಕ್ಷಿ ಹೇಳಲು ಅವರಿಗೂ ಕರೆ ಬಂದಿದೆ. ಸಚಿವರ ಕಡೆಯವರಿಂದ ಫೋನ್ ನಿಲ್ಲುತ್ತಿಲ್ಲ. ಹೊರಗೆ ಗಟ್ಟಿಯಾಗಿಯೇ ಕಾಣುವ ಈ ಮನುಷ್ಯ ಮನೆಯಲ್ಲಿ ಊಟ ಬಿಟ್ಟಿದ್ದಾರೆ, ನಡುರಾತ್ರಿ ಎದ್ದು ಬಾಲ್ಕನಿಯಲ್ಲಿ ನಿಲ್ಲುತ್ತಾರೆ, ನಿದ್ದೆಯಲ್ಲಿ ಯಾರಿಗೋ ಸಮಜಾಯಿಷಿ ಕೊಡುತ್ತಾರೆ. "ನಾನೇನೂ ಕೇಳುವುದಿಲ್ಲ, ದೀಪ ಆರಿಸಿ ಸುಮ್ಮನೆ ಮಲಗುತ್ತೇನೆ. ಅವರನ್ನು ಮೊದಲಿನಂತೆ ಮಾಡುವುದು ಹೇಗೆ?" ಎಂದು ಇವರ ಪ್ರಶ್ನೆ.

ನಿಮ್ಮ ಪತ್ರ ನಾಲ್ಕು ಪುಟವಿದೆ. ಮೂರನೆಯ ಪುಟದಲ್ಲಿ, ನಾದಿನಿಯ ಮಗಳ ಮದುವೆಗೆ ಪತಿ ಬರಲಿಲ್ಲ ಎಂಬ ವಿವರದ ನಡುವೆ, ಒಂದು ವಾಕ್ಯ ಸಿಕ್ಕಿಕೊಂಡಿದೆ: "ಆ ಉತ್ತರದಿಂದಾಗಿ ಕಚೇರಿಯ ಒಬ್ಬ ದ್ವಿತೀಯ ದರ್ಜೆ ಸಹಾಯಕಿ ಅಮಾನತಾದಳಂತೆ, ಪಾಪ." ಅಷ್ಟೇ. ಮುಂದಿನ ವಾಕ್ಯದಲ್ಲಿ ನೀವು ಮತ್ತೆ ಮದುವೆ ಮನೆಗೆ ಹೋಗಿದ್ದೀರಿ.

ನಾನು ಅಲ್ಲೇ ನಿಂತೆ. "ಕೆಳಹಂತದ ಸಿಬ್ಬಂದಿಯ ಅಚಾತುರ್ಯ" ಎಂಬ ಮಾತು ಪತಿಯದೇ ಎಂದು ನೀವೇ ಬರೆದಿದ್ದೀರಿ. ಸಚಿವರು ಅದನ್ನು ಓದಿದರು, ಸದನ ತಣ್ಣಗಾಯಿತು, ಅದೇ ವಾರ ಆ ಮೂರು ಪದಗಳಿಗೆ ಒಬ್ಬ ಹೆಣ್ಣುಮಗಳನ್ನು ಹುಡುಕಿ ಹೊಂದಿಸಲಾಯಿತು. ಅಮಾನತಿನಲ್ಲಿರುವ ನೌಕರರಿಗೆ ಪೂರ್ತಿ ಸಂಬಳ ಬರುವುದಿಲ್ಲ, ಜೀವನಾಧಾರ ಭತ್ಯೆ ಎಂದು ಒಂದಿಷ್ಟು ಬರುತ್ತದೆ. ಬಾಡಿಗೆ, ಮಕ್ಕಳ ಶುಲ್ಕ, ಹಾಲಿನ ಲೆಕ್ಕ ಎಲ್ಲವನ್ನೂ ಅಷ್ಟರಲ್ಲೇ ಮುಗಿಸಬೇಕು. ಬೀದಿಯವರು ಕೇಳುವ ಪ್ರಶ್ನೆಗೆ ಯಾವ ಭತ್ಯೆಯೂ ಇಲ್ಲ. ನಿಮ್ಮ ಪತಿಯ ನಿದ್ದೆ ಎಲ್ಲಿ ಹೋಯಿತು ಎಂದು ನೀವು ನಾಲ್ಕು ಪುಟ ಹುಡುಕಿದ್ದೀರಿ. ಅದು ಆ ಮನೆಯಲ್ಲಿದೆ.

ಅವರ ದಿಂಬಿನ ಪಕ್ಕ ಪ್ರಾಚೀನ ರೋಮಿನ ತತ್ವಜ್ಞಾನಿ ಸೆನೆಕಾನ ಪುಸ್ತಕವಿದೆ, ಮಗಳು ಹುಟ್ಟುಹಬ್ಬಕ್ಕೆ ಕೊಟ್ಟದ್ದು ಎಂದಿದ್ದೀರಿ. ಒಳ್ಳೆಯ ಉಡುಗೊರೆ. ಆದರೆ ಅವನ ಮಾತುಗಳನ್ನಷ್ಟೇ ಓದಿದರೆ ಸಾಲದು, ಅವನ ಬಾಳನ್ನೂ ಓದಬೇಕು. ರೋಮಿನ ಚಕ್ರವರ್ತಿ ಕ್ಲಾಡಿಯಸ್ ಅವನನ್ನು ಕ್ರಿ.ಶ. 41ರಲ್ಲಿ ಕಾರ್ಸಿಕಾ ದ್ವೀಪಕ್ಕೆ ಗಡೀಪಾರು ಮಾಡಿದ್ದ. ಎಂಟು ವರ್ಷಗಳ ನಂತರ ಬಿಡಿಸಿ ಕರೆಸಿದವಳು ಕ್ಲಾಡಿಯಸ್‌ನ ಪತ್ನಿ ಅಗ್ರಿಪ್ಪಿನಾ, ತನ್ನ ಮಗ ನೀರೋನಿಗೆ ಗುರುವಾಗಲೆಂದು. 54ರಲ್ಲಿ ಆ ಹುಡುಗ ಹದಿನಾರನೆಯ ವಯಸ್ಸಿಗೇ ಪಟ್ಟವೇರಿದಾಗ ಅವನ ಬಾಯಲ್ಲಿ ಬಂದ ಭಾಷಣಗಳು ಸೆನೆಕಾನವು. ಐದು ವರ್ಷ ಕಳೆಯುವಷ್ಟರಲ್ಲಿ ಆ ಮಗ ತಾಯಿಯನ್ನೇ ಕೊಲ್ಲಲು ಹೊರಟ. ಸಮುದ್ರದಲ್ಲಿ ಕುಸಿದು ಬೀಳುವಂತೆ ಕಟ್ಟಿಸಿದ ದೋಣಿಯಿಂದ ಅವಳು ಈಜಿ ಪಾರಾದಳು. ತಾನು ಬದುಕಿದ್ದೇನೆ ಎಂದು ತಿಳಿಸಲು ಅಗೆರ್ಮುಸ್ ಎಂಬ ತನ್ನ ಸೇವಕನನ್ನು ಮಗನ ಬಳಿಗೆ ಕಳುಹಿಸಿದಳು. ಅವನು ಸುದ್ದಿ ಹೇಳುತ್ತಿರುವಾಗಲೇ ನೀರೋ ಅವನ ಕಾಲ ಬಳಿ ಒಂದು ಕತ್ತಿ ಬೀಳಿಸಿ, ತನ್ನನ್ನು ಕೊಲ್ಲಲು ಬಂದವನೆಂದು ಸಂಕೋಲೆ ಹಾಕಿಸಿದ. ಅದೇ ರಾತ್ರಿ ಅಗ್ರಿಪ್ಪಿನಾಳನ್ನು ಮುಗಿಸಲಾಯಿತು. ಆಮೇಲೆ ಸೆನೆಟ್ ಸಭೆಗೆ ಚಕ್ರವರ್ತಿಯ ಹೆಸರಿನಲ್ಲಿ ಒಂದು ಪತ್ರ ಹೋಯಿತು: ಅಗೆರ್ಮುಸ್ ಕತ್ತಿಯೊಂದಿಗೆ ಸಿಕ್ಕಿಬಿದ್ದ, ತಾಯಿ ತನ್ನ ತಪ್ಪಿಗೆ ಶಿಕ್ಷೆ ಅನುಭವಿಸಿದಳು ಎಂದು. ಬರೆದವನು ಸೆನೆಕಾ ಎಂದು ರೋಮಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಜನ ನೀರೋನನ್ನು ದೂರಲಿಲ್ಲ, ಅವನ ಕ್ರೌರ್ಯ ದೂರಿನ ಎಲ್ಲೆಯನ್ನೇ ದಾಟಿತ್ತು, ಅವರು ದೂರಿದ್ದು ಆ ಪತ್ರ ಬರೆದವನನ್ನು ಎಂದು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ.

ಸೆನೆಕಾನ ಸಂಕಟದ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಅಗೆರ್ಮುಸ್‌ನ ಪಾಲಿಗೆ ಬಂದದ್ದು ಕೆಲವೇ ಸಾಲು. ನಿಮ್ಮ ಪತ್ರದಲ್ಲಿ ಆ ಸಹಾಯಕಿಗೆ ಬಂದಷ್ಟೇ.

ಮುಂದೆ ಏನಾಯಿತೆಂದೂ ನಿಮ್ಮ ಪತಿಗೆ ತಿಳಿದಿರಲಿ. 62ರಲ್ಲಿ ಸೆನೆಕಾ ತನ್ನ ಆಸ್ತಿಯನ್ನೆಲ್ಲ ಹಿಂದಿರುಗಿಸುತ್ತೇನೆ, ಬಿಟ್ಟುಬಿಡು ಎಂದು ಕೇಳಿಕೊಂಡ. ನೀರೋ ಅಪ್ಪಿ ಮುದ್ದಾಡಿ ಬೇಡವೆಂದ. ಎರಡು ವರ್ಷಗಳ ನಂತರ ಮತ್ತೆ ಕೇಳಿದ, ಸಿಗಲಿಲ್ಲ. ಕಾಯಿಲೆಯ ನೆಪ ಹೇಳಿ ಕೋಣೆ ಹಿಡಿದ. ವಿಷದ ಭಯಕ್ಕೆ ಕಾಡಿನ ಹಣ್ಣು ತಿಂದು, ಹರಿಯುವ ನೀರು ಕುಡಿದು ದಿನ ದೂಡಿದನೆಂದು ಹೇಳುತ್ತಾರೆ. 65ರಲ್ಲಿ ಸಾಯಬೇಕೆಂದು ಆಜ್ಞೆ ಬಂತು. ರಾಜೀನಾಮೆ ಕೊಡಲು ಎರಡು ಸಲ ಪ್ರಯತ್ನಿಸಿದವನು ಆ ಪತ್ರ ಸುಳ್ಳು ಎಂದು ಒಂದು ಸಲವೂ ಬರೆಯಲಿಲ್ಲ. "ಸದ್ದಿಲ್ಲದೆ ವರ್ಗಾವಣೆ ಕೇಳಿಬಿಡುತ್ತಾರೆ, ಆಗ ಸರಿಹೋಗಬಹುದು" ಎಂದು ನೀವು ಆಸೆಪಟ್ಟಿದ್ದೀರಲ್ಲ, ಅದಕ್ಕಾಗಿ ಇಷ್ಟೆಲ್ಲ ಹೇಳಬೇಕಾಯಿತು.

ಈಗ ನಿಮ್ಮ ಭಾವನವರ ಮಾತು. ಪತ್ರದಲ್ಲಿ ಅವರನ್ನು ಮನೆಯ ಆಧಾರಸ್ತಂಭ ಎಂದಿದ್ದೀರಿ. ನನಗೆ ಹಾಗೆ ಕಾಣಿಸಲಿಲ್ಲ. "ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ, ಚುನಾವಣೆಯವರೆಗೆ ಬಾಯಿ ಮುಚ್ಚಿಕೊಂಡಿರು" ಎಂದವರು ಅವರು. ಪರಿಚಯದ ಅಂಗಡಿಯಿಂದ ನಿದ್ದೆ ಮಾತ್ರೆ ತಂದುಕೊಟ್ಟವರೂ ಅವರೇ. ತಮ್ಮ ಎಡವಿದ್ದು ಒಂದು ರಾತ್ರಿ, ಅಣ್ಣ ಅವನನ್ನು ಎಷ್ಟೋ ತಿಂಗಳಿಂದ ಏಳದಂತೆ ಒತ್ತಿ ಹಿಡಿದಿದ್ದಾರೆ. ಆ ಉಪ್ಪು ಸಚಿವರ ಮನೆಯದಲ್ಲ. ಸಂಬಳ ಬರುವುದು ಸರ್ಕಾರದ ಖಜಾನೆಯಿಂದ, ಅಲ್ಲಿಗೆ ಹಣ ಬರುವುದು ಬೆಂಕಿಪೊಟ್ಟಣ ಕೊಳ್ಳುವವರಿಂದಲೂ. ಈ ಮಾತನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಮುಂದೆಯೂ ಬರೆಯುತ್ತೇನೆ. ಮಾತ್ರೆಗಳನ್ನು ನಿಲ್ಲಿಸಬೇಕೋ ಬೇಡವೋ ಎಂಬುದನ್ನು ವೈದ್ಯರನ್ನು ಕೇಳಿ, ಭಾವನವರನ್ನಲ್ಲ. ಸಾಯುವ ಮಾತು ಪತಿಯ ಬಾಯಿಂದ ಬಂದಿಲ್ಲ ಎಂದಿದ್ದೀರಿ. ಬಂದರೆ ಆ ಕ್ಷಣವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಆಗ ಉಳಿದ ಯಾವ ಮಾತೂ ಬೇಡ.

ನಿಮ್ಮ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ, ಹೇಳಿಬಿಡುತ್ತೇನೆ. ಕೋಪದ ಬಗ್ಗೆ ಬರೆದ ಪ್ರಬಂಧದಲ್ಲಿ ಸೆನೆಕಾ ತನ್ನ ರಾತ್ರಿಯ ಅಭ್ಯಾಸವನ್ನು ಹೇಳಿಕೊಂಡಿದ್ದಾನೆ: ದೀಪ ತೆಗೆದ ಮೇಲೆ, ತನ್ನ ರೂಢಿ ಬಲ್ಲ ಹೆಂಡತಿ ಮೌನವಾದ ಮೇಲೆ, ಇಡೀ ದಿನವನ್ನು ತನ್ನೊಳಗೇ ವಿಚಾರಣೆ ಮಾಡಿಕೊಳ್ಳುತ್ತಾನೆ, ತನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ. ಎಷ್ಟೋ ಜನ ಮೆಚ್ಚುವ ಭಾಗವಿದು. ನನಗೆ ಮಾತ್ರ ಕತ್ತಲಲ್ಲಿ ಮೌನವಾಗಿ ಮಲಗಿದ ಆ ಹೆಂಡತಿಯೇ ನೆನಪಾಗುತ್ತಾಳೆ. ಆರೋಪಿ, ವಕೀಲ, ನ್ಯಾಯಾಧೀಶ ಮೂವರೂ ಒಬ್ಬನೇ ಆದ ವಿಚಾರಣೆಯಲ್ಲಿ ಕ್ಷಮೆ ಬೇಗ ಸಿಗುತ್ತದೆ. ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಅದೇ ವಿಚಾರಣೆ, ದೀಪ ಆರಿಸಿ ಅದಕ್ಕೆ ಅನುವು ಮಾಡಿಕೊಡುತ್ತಿರುವವರು ನೀವು. ನಿಮ್ಮ ಮೌನ ಪ್ರೀತಿಯಿಂದ ಬಂದದ್ದೆಂದು ನನಗೆ ಗೊತ್ತು. ಆದರೂ ಅದು ಅವರಿಗೆ ಒದಗುತ್ತಿಲ್ಲ.

ಇವತ್ತು ರಾತ್ರಿ ದೀಪ ಆರಿಸಬೇಡಿ. ಊಟದ ಮೇಜಿನ ಮೇಲೆ ಬಿಳಿ ಹಾಳೆ, ಪೆನ್ನು ಇಡಿ, ಎದುರಿಗೆ ನೀವು ಕೂತುಕೊಳ್ಳಿ. ಕಡತ ಯಾವ ದಿನ ಯಾರ ಕೈಯಲ್ಲಿತ್ತು, ಬಾಯಿಮಾತಿನ ಆದೇಶ ಯಾರು ಕೊಟ್ಟರು, ಆ ಮೂರು ಪದಗಳನ್ನು ಯಾರು ಬರೆದರು ಎಂಬುದನ್ನು ಅವರು ಸ್ವಂತ ಅಕ್ಷರದಲ್ಲಿ ಬರೆದು ಸಹಿ ಹಾಕಲಿ. ಬೆಳಗ್ಗೆ ನೀವೇ ಹುಡುಕಿದ ಒಬ್ಬ ವಕೀಲರಿಗೆ ತೋರಿಸಿ. ಸಚಿವರ ಕಡೆಯವರು ಗೊತ್ತುಮಾಡಿಕೊಟ್ಟ ವಕೀಲರು ಬೇಡ. ಸಾಕ್ಷಿಯ ದಿನಕ್ಕೆ ಮೊದಲೇ ಅದು ವಿಚಾರಣಾಧಿಕಾರಿಗೆ ತಲುಪಲಿ, ಸ್ವೀಕೃತಿ ಪಡೆದುಕೊಳ್ಳಿ. ಇದರಿಂದ ಅವರು ಮಾತೃ ಇಲಾಖೆಗೆ ವಾಪಸಾಗಬಹುದು, ಅವರ ಮೇಲೂ ಶಿಸ್ತುಕ್ರಮ ಬರಬಹುದು, ಕಾರು, ಸಲಾಮು ಎರಡೂ ಹೋಗುತ್ತವೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಬರೆಯಲು ಅವರು ಹಟ ಮಾಡಿ ಒಪ್ಪದಿದ್ದರೆ ನಾಳೆ ರಾತ್ರಿಯೂ ಹಾಳೆ ಇಡಿ, ನಾಡಿದ್ದೂ ಇಡಿ.

ನಾಲ್ಕು ಪುಟಗಳಲ್ಲಿ ಆ ಸಹಾಯಕಿಯ ಹೆಸರನ್ನು ನೀವು ಎಲ್ಲಿಯೂ ಬರೆದಿಲ್ಲ. ನಿಮಗೆ ಗೊತ್ತಿಲ್ಲದಿರಬಹುದು. ಪತಿಗೆ ಗೊತ್ತಿದೆ. ಅವರ ಹಾಳೆಯ ಮೊದಲ ಸಾಲಿನಲ್ಲಿ ಆ ಹೆಸರು ಪೂರ್ತಿಯಾಗಿ ಇರಲಿ.